ಎಣಿಕೆಗೆ ಬಾರದ ನಲವತ್ತು ಸೆಕೆಂಡು

ತಿಪ್ಪಮ್ಮ, ಚಳ್ಳಕೆರೆಯ ಆ ಟೈಪಿಂಗ್ ಪರೀಕ್ಷೆಯಲ್ಲಿ ನಾನು ಗೆಲ್ಲಲಿಲ್ಲ — ಮೋಸ ಮಾಡಿದೆ. ಹತ್ತು ನಿಮಿಷದ ಪರೀಕ್ಷೆಯಲ್ಲಿ ನನಗೆ ನಲವತ್ತು ಸೆಕೆಂಡು ಹೆಚ್ಚು ಸಿಗುವ ಹಾಗೆ ನೋಡಿಕೊಂಡೆ. ಇದು ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ.

ತೊಂಬತ್ತರ ದಶಕದ ಕೊನೆ. ಎಣ್ಣೆ ಗಿರಣಿಗಳ ರಸ್ತೆಯ ಕಂಪ್ಯೂಟರ್ ತರಗತಿಯಲ್ಲಿ ನಾವಿಬ್ಬರೂ ಕಲಿತು ಮುಗಿಸಿದ್ದೆವು. ಅಲ್ಲೇ ಕಲಿಸುವ ಕೆಲಸ ಒಂದೇ ಇತ್ತು, ಟೈಪಿಂಗ್ ಪರೀಕ್ಷೆಯಲ್ಲಿ ಗೆದ್ದವಳಿಗೆ ಅದು. ನಿನಗದು ನನಗಿಂತ ಹೆಚ್ಚು ಬೇಕಿತ್ತು — ನೀನು ದಿನಾ ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದೆ. ಕೆಲಸ ಸಿಗದಿದ್ದರೆ ಚಳ್ಳಕೆರೆ ಸಾಕು, ಮಗ್ಗಕ್ಕೆ ಕೂರು ಎಂದು ನಿಮ್ಮಪ್ಪ ಹೇಳಿಬಿಟ್ಟಿದ್ದರು. ನನಗಿದ್ದದ್ದು ಬರೀ ಹೊಟ್ಟೆಕಿಚ್ಚು. ನಿನ್ನ ಬೆರಳು ನನ್ನದಕ್ಕಿಂತ ಚುರುಕಾಗಿತ್ತು, ಅಷ್ಟೇ.

ನಮ್ಮ ಸಾರ್ ಗೋಡೆ ಗಡಿಯಾರ ನಂಬುತ್ತಿರಲಿಲ್ಲ, ಪರೀಕ್ಷೆಯ ಹೊತ್ತನ್ನೂ ಕಂಪ್ಯೂಟರಿನ ಗಡಿಯಾರದಲ್ಲೇ ಅಳೆಯುತ್ತಿದ್ದರು. "ಸೆಲ್ಲು ಇಳಿದ್ರೆ ಅದು ಸುಳ್ಳು ಹೇಳ್ತೈತೆ ಕಣ್ರಮ್ಮ, ಕಂಪ್ಯೂಟರ್ ಹೇಳಲ್ಲ," ಎನ್ನುತ್ತಿದ್ದರು. ಹೇಳುತ್ತಿತ್ತು! ಬೆಳಿಗ್ಗೆ ಅದರ ಸಮಯ ಸರಿಮಾಡುವ ಕೆಲಸ ನನ್ನದಾಗಿತ್ತಲ್ಲ, ನನಗೆ ಗೊತ್ತಿತ್ತು. ಒಳಗಿನ ಒಂದು ಚಿಪ್ ಸೆಕೆಂಡಿಗೆ ನೂರು ಸಲ ಕದ ತಟ್ಟುತ್ತದೆ. ಕರ್ನಲ್ — ಯಂತ್ರವನ್ನೆಲ್ಲ ನಡೆಸುವ ಆ ಯಜಮಾನ — ಕೈಯಲ್ಲಿದ್ದ ಕೆಲಸ ಬಿಟ್ಟು ಪ್ರತಿಯೊಂದು ತಟ್ಟನ್ನೂ ಎಣಿಸಿಕೊಳ್ಳುತ್ತದೆ. ನೂರಾದರೆ ಒಂದು ಸೆಕೆಂಡು. ಆದರೆ ನಮ್ಮ ಹಳೆಯ ಡಿಸ್ಕಿಗೆ ದೊಡ್ಡ ಫೈಲು ಬರೆಯುವಾಗ ಕರ್ನಲ್ ಆಗಾಗ ಕಿವಿ ಮುಚ್ಚಿಕೊಳ್ಳುತ್ತಿತ್ತು. ಆಗ ಬಂದ ಒಂದು ತಟ್ಟು ಹೇಗೋ ಕಾದು ನಿಂತಿರುತ್ತದೆ. ಅದರ ಹಿಂದೆ ಬಂದವು ಎಣಿಕೆಗೆ ಸಿಗದೆ ಹೋಗುತ್ತವೆ. ಯಂತ್ರದ ಗಡಿಯಾರ ಹಿಂದೆ ಬೀಳುತ್ತಿತ್ತು, ಅದರ ಹತ್ತು ನಿಮಿಷ ನಿಜವಾದ ಹತ್ತು ನಿಮಿಷಕ್ಕಿಂತ ಉದ್ದವಾಗುತ್ತಿತ್ತು.

ಪರೀಕ್ಷೆ ಒಬ್ಬೊಬ್ಬರಿಗೇ, ಒಂದೇ ಯಂತ್ರದ ಮೇಲೆ. ಮೊದಲು ನೀನು ಕೂತೆ. ನಿನ್ನದು ಮುಗಿದು ಸಾರ್ ಟೀ ತರಿಸಲು ಹೊರಗೆ ಹೋದಾಗ ನಾನು ಕೂತು, ದೊಡ್ಡದೊಂದು ಫೈಲನ್ನು ಮತ್ತೆ ಮತ್ತೆ ನಕಲು ಮಾಡುವ ಆಜ್ಞೆ ಕೊಟ್ಟು, ಪರದೆ ಒರೆಸುವವಳ ಹಾಗೆ ನಟಿಸಿದೆ. ಆಮೇಲೆ ಟೈಪ್ ಮಾಡಿದೆ. ಎರಡೇ ಸಾಲಿನ ಅಂತರದಲ್ಲಿ ನಾನು ಮುಂದೆ.

ನೀನು ಗೊಂದಲದಿಂದ ಕೇಳಿದೆ: "ನಿಂದು ಜಾಸ್ತಿ ಹೊತ್ತು ಹಿಡೀತು ಅನ್ನಿಸ್ತಲ್ಲೇ?"

"ಗಡಿಯಾರ ಎಲ್ರಿಗೂ ಒಂದೇ ಅಲ್ವೇನೇ," ಎಂದೆ ನಾನು.

ನೀನು ನಂಬಿದೆ. "ಹೌದು ಬಿಡು, ನನ್ನ ಕೈನೇ ನಿಧಾನ," ಎಂದು ನಕ್ಕು, ನನ್ನ ಟೀಗೂ ನೀನೇ ಬಿಸ್ಕತ್ತು ತರಿಸಿದೆ. ನಾನದನ್ನು ತಿಂದೆ — ಅದೂ ಒಪ್ಪಿಕೊಳ್ಳುತ್ತೇನೆ.

ಇವತ್ತು ಇಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮನೆಯಲ್ಲಿ ಆರು ಮಗ್ಗ, ನೀನು ಕೂಡಿಸಿದ ಬಣ್ಣದ ಸೀರೆಗೆ ಊರೂರಿಂದ ಜನ ಬರುತ್ತಾರೆ. ನನಗೆ ನನ್ನ ತರಗತಿ ಇದೆ, ಒಳ್ಳೆಯ ಗಂಡ ಇದ್ದಾನೆ, ನಿನ್ನಂಥ ಗೆಳತಿ ಇದ್ದಾಳೆ. ಎಲ್ಲ ಒಳ್ಳೆಯದಕ್ಕೇ ಆಯಿತು ಎಂದುಕೊಂಡು ಆರಾಮಾಗಿಯೇ ಇದ್ದೆ. ಆದರೆ ನಿನಗೆ ಒಳ್ಳೆಯದಾಗಿದ್ದು ನಿನ್ನ ದುಡಿಮೆಯಿಂದ, ನನ್ನ ಮೋಸದಿಂದಲ್ಲ.

ಹೋದ ತಿಂಗಳು ನಾನು ನಿಮ್ಮ ಮನೆಗೆ ಬಂದಿದ್ದಾಗ ನಿನ್ನ ಮಗಳು ಸೀರೆಗಳ ಪಟ್ಟಿ ಟೈಪ್ ಮಾಡೆಂದು ಕೀಲಿಮಣೆ ನಿನ್ನ ಕಡೆ ತಳ್ಳಿದಳು. ನೀನು ಕೈ ಹಿಂದಕ್ಕೆ ಎಳೆದುಕೊಂಡೆ. "ನಾನು ನಿಧಾನ ಕಣಮ್ಮ, ಆಂಟಿ ಕೈಲಿ ಮಾಡಿಸು. ಅವಾಗ್ಲೇ ಪರೀಕ್ಷೆ ಆಗೈತೆ."

ಇಷ್ಟು ವರ್ಷವೂ ನೀನು ಹಾಗೇ ನಂಬಿದ್ದೀಯ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಆ ಪಟ್ಟಿಯನ್ನು ನಾನು ಟೈಪ್ ಮಾಡಿಕೊಟ್ಟೆ. ನಾಚಿಕೆಯಿಂದ ಬೆರಳು ತಪ್ಪುತ್ತಿತ್ತು.

ಈ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಇದನ್ನೆಲ್ಲ ನಿನ್ನ ಮಗಳ ಎದುರಿಗೇ ಬಾಯಿಬಿಟ್ಟು ಹೇಳುತ್ತೇನೆ. ಅವಳ ಅಮ್ಮ ಯಾವತ್ತೂ ನಿಧಾನ ಇರಲಿಲ್ಲ ಎಂದು ಅವಳಿಗೂ ತಿಳಿಯಲಿ. ಕ್ಷಮಿಸು ಎಂದು ಕೇಳುವುದಿಲ್ಲ. ಊಟಕ್ಕೆ ಏಳು ಎಂದರೆ ಏಳುತ್ತೇನೆ. ಅನ್ನದಿದ್ದರೆ, ಚಪ್ಪಲಿ ಮೆಟ್ಟಿಕೊಂಡು ವಾಪಸು ಬರುತ್ತೇನೆ.