ಭೀಮೇಶನ ಮೊದಲ ಸಾಲು

ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಭೀಮೇಶ್ ಹಗಲೆಲ್ಲ ತೂಕದ ಚೀಟಿ ಬರೆಯುತ್ತಾನೆ. ಸಂಜೆ ತೆಲಿಗಿ ರಸ್ತೆಯ ತನ್ನ ಮನೆಯಲ್ಲಿ ಭಾಷಣ ಬರೆಯುತ್ತಾನೆ. ಹಡಗಲಿಯ ನಿವೃತ್ತಿ ಸಮಾರಂಭ, ಕೊಟ್ಟೂರಿನ ಸೊಸೈಟಿ ಚುನಾವಣೆ, ಕೂಡ್ಲಿಗಿಯ ಸಾಮೂಹಿಕ ಮದುವೆ: ಯಾರ ಬಾಯಿಗೆ ಯಾವ ಮಾತು ಹೊಂದುತ್ತದೆಂದು ಅವನಿಗೆ ಗೊತ್ತು. ಉಸಿರು ನಿಲ್ಲಿಸುವಲ್ಲಿ ಗೆರೆ ಎಳೆದು, ಅಕ್ಷರ ದಪ್ಪ ಮಾಡಿ ಕೊಡುತ್ತಾನೆ. ಸಂಬಳದಲ್ಲಿ ಸಾಗದ ಮನೆಗೆ ಇದೇ ಆಸರೆ. ವೇದಿಕೆ ಹತ್ತಿದವರಾರೂ ಅವನ ಹೆಸರು ಹೇಳಿದ್ದಿಲ್ಲ. ಅವನಿಗೂ ಅದೇ ಬೇಕಿತ್ತು.

ಒಂದು ಹಟ ಮಾತ್ರ ಇತ್ತು. ಗಣ್ಯರ ಹೆಸರಿಗಿಂತ ಮೊದಲು, 'ಒಲೆಯ ಮುಂದೆ ಬೆಂದು ಅಡುಗೆ ಮಾಡಿದ ತಾಯಂದಿರಿಗೆ ಶರಣು' ಎಂದೇ ಅವನ ಭಾಷಣ ಶುರುವಾಗಬೇಕು. ಅವನ ತಾಯಿ ಮದುವೆ ಮನೆಗಳಲ್ಲಿ ರೊಟ್ಟಿ ಬಡಿದು ಅವನನ್ನು ಸಾಕಿದವಳು. ಈ ಸಾಲು ಕೇಳಿದರೆ ಸಾಕು, ಸುತ್ತಲಿನವರಿಗೆ ಬರೆದವನಾರೆಂದು ತಿಳಿಯುತ್ತಿತ್ತು.

ಮಳೆಗಾಲಕ್ಕೆ ಮುಂಚೆ ರೇಣುಕಾ ಬಂದಳು. ತೆಲಿಗಿ ಕಡೆಯ ಒಂದು ಪಂಚಾಯಿತಿಯ ಅಧ್ಯಕ್ಷೆ. ಅದುವರೆಗೆ ಅವಳ ಭಾಷಣ ಬರೆಸಿಕೊಂಡು ಹೋಗುತ್ತಿದ್ದವನು ಅವಳ ಭಾವ ದುರುಗಣ್ಣ; ಅಧಿಕಾರ ನಡೆಸುವವನೂ ಅವನೇ. ಈ ಸಲ ಒಬ್ಬಳೇ ಬಸ್ಸಿಳಿದಿದ್ದಳು.

"ಗ್ರಾಮಸಭಿ ಐತಿ. ಕುಡಿಯೋ ನೀರಿನ ಮೋಟರ್ ಕಾಗದದಾಗ ಅದಾವ, ಬೋರಿನಾಗ ಇಲ್ಲ. ಭಾವ ಬಿಲ್ಲಿಗೆ ಹಾಕಿಸ್ಕೊಂಡ ಸಹಿ ನಂದು. ಅದನ್ನ ಮಂದಿ ಮುಂದ ಹೇಳಬೇಕ್ರಿ."

"ನಿಮ್ ಭಾವಗ ಗೊತ್ತಾದ್ರ?"

"ಗೊತ್ತಾಗಲಿ ಅಂತನ ಹೇಳೋದು. ನೀವು ಬರದಿದ್ದು ಅಂತ ನಾ ಹೇಳಂಗಿಲ್ಲ."

ದುರುಗಣ್ಣನ ಜೋಳ ಬರುವುದೂ ಅದೇ ಮಂಡಿಗೆ. ಬರೆಯುವಾಗ ಭೀಮೇಶ್ ಎರಡು ಸಲ ಎದ್ದು ಬಾಗಿಲಾಚೆ ನೋಡಿ ಬಂದ. ಆ ಗಾಬರಿಯಲ್ಲಿ ಕೈ ರೂಢಿಯಂತೆ ಮೊದಲ ಸಾಲನ್ನೂ ಬರೆದುಬಿಟ್ಟಿತು.

ಗ್ರಾಮಸಭೆಗೆ ಯಾರು ಅಡುಗೆ ಮಾಡುತ್ತಾರೆ? ಚಹಾ, ಮಂಡಕ್ಕಿ ಅಷ್ಟೆ. ರೇಣುಕಾ ಬಾಯಿಪಾಠ ಮಾಡಿದ್ದನ್ನು ಮೊದಲಿಂದ ಒಪ್ಪಿಸಿದಳು. ಅಡುಗೆ ಮಾಡಿದ ತಾಯಂದಿರು ಎನ್ನುತ್ತಲೇ ಹಿಂದಿನಿಂದ ಒಬ್ಬ ಎಂದ: "ಮಂಡಕ್ಕಿ ಕಲಸಿದಾವ ಗಂಡಸು, ತಾಯಿ ಎಲ್ಲಿಂದ ಬಂದ್ಳು? ಲೇ, ಇದು ಭೀಮೇಶಂದು."

ಸಭೆ ನಕ್ಕಿತು. ಮೋಟರಿನ ಮಾತು ಬಂದಾಗ ನಗು ನಿಂತಿತು, ಆದರೆ ಹೆಸರು ಆಗಲೇ ಹೊರಬಿದ್ದಿತ್ತು. ನೀರಿಲ್ಲದ ಜನ ತಮ್ಮ ಪರವಾಗಿ ಬರೆದವನನ್ನು ನಗುನಗುತ್ತ ಹಿಡಿದುಕೊಟ್ಟರು. ಮೋಟರ್ ಎಲ್ಲಿ ಎಂದು ಒಬ್ಬನೂ ಎದ್ದು ಕೇಳಲಿಲ್ಲ. ಇದನ್ನು ಬರೆಯುತ್ತಿರುವ ನನಗೆ ದುರುಗಣ್ಣನ ಮೇಲೆ ಎಷ್ಟು ಸಿಟ್ಟೋ, ಆ ನಗುವಿನ ಮೇಲೂ ಅಷ್ಟೇ.

ಮರುದಿನ ದುರುಗಣ್ಣ ಮಂಡಿಗೆ ಬಂದು ಚೀಲದ ಮೇಲೆ ಕೂತ. ದನಿ ಎತ್ತರಿಸಲಿಲ್ಲ.

"ಚಲೋ ಬರದೀಯಪ್ಪ ಕವಿ. ಇನ್ನೊಂದು ಬರಿ. ಮೋಟರ್ ಅದಾವ, ಯಾರದೋ ಮಾತು ಕೇಳಿ ತಪ್ಪು ಹೇಳೀನಿ ಅಂತ. ಮುಂದಿನ ಸಭ್ಯಾಗ ಅಕಿ ಓದ್ತಾಳ."

"ಅದು ಸುಳ್ಳಾಗತೈತ್ರಿ ಅಣ್ಣಾರ."

"ನಿವೃತ್ತಿ ಆದ ಮಾಸ್ತರಗೆಲ್ಲ ದೇವ್ರು ಅಂತ ಬರೀತೀಯಲ್ಲ, ಅದು ಖರೇನಾ?"

ಭೀಮೇಶ್ ತಿರುಗಿ ನೋಡಿದ. ಮಂಡಿಯ ಸಾಹುಕಾರ ಫೋನಿನಲ್ಲಿ ಮುಖ ಹುದುಗಿಸಿದ್ದ. ಭೀಮೇಶ್ ಚೀಟಿ ಪುಸ್ತಕ ಮುಚ್ಚಿ, "ನನ್ನಿಂದ ಆಗಂಗಿಲ್ರಿ" ಎಂದ.

"ಆತು ಬಿಡು." ದುರುಗಣ್ಣ ಎದ್ದು ಧೂಳು ಜಾಡಿಸಿಕೊಂಡ. "ದಿನಾ ಬೈಕಿನ್ಯಾಗ ಮನಿಗೆ ಹೋಗ್ತೀಯಲ್ಲ, ಹುಷಾರು. ನಮ್ ಟ್ರ್ಯಾಕ್ಟರ್ ಹುಡುಗ್ರಿಗೆ ಲೈಟ್ ಹಾಕೋ ರೂಢಿ ಇಲ್ಲ."

ಅಂದಿನಿಂದ ಭೀಮೇಶ್ ಬಸ್ಸಿನಲ್ಲಿ ಹೋಗುತ್ತಾನೆ, ಕಿಟಕಿಯಿಂದ ದೂರ ಕೂರುತ್ತಾನೆ. ರಸ್ತೆಯಲ್ಲಿ ಟ್ರ್ಯಾಕ್ಟರ್ ಸದ್ದಾದರೆ ಹೆಂಡತಿ ನಾಗಲಿಂಗಮ್ಮ ಮಾತು ನಿಲ್ಲಿಸುತ್ತಾಳೆ. ಭಾಷಣ ಬರೆಸಲು ಯಾರೂ ಬರುತ್ತಿಲ್ಲ. ಅವನ ಮಾತಿನಿಂದ ಚಪ್ಪಾಳೆ ಗಿಟ್ಟಿಸಿದವರಿಗೆಲ್ಲ ಈಗ ಅವನನ್ನು ಕಂಡರೆ ಅವಸರ.

ಹೋದ ವಾರ ರೇಣುಕಾ ಮತ್ತೆ ಮನೆಗೆ ಬಂದಳು. ಮೋಟರಿನ ಬಗ್ಗೆ ತಾಲ್ಲೂಕಿನ ಅಧಿಕಾರಿಗಳ ಮುಂದೆ ಮಾತಾಡಬೇಕಂತೆ.

"ಬರೀರಿ ಅಂತ ಜುಲುಮಿ ಇಲ್ರಿ. ಬರೀದಿದ್ರ ನನಗ ತಿಳದಂಗ ಹೇಳ್ತೀನಿ."

ಹೊರಗೆ ಎಂಜಿನ್ನೊಂದು ಹತ್ತಿರ ಬಂದು ನಿಧಾನವಾಯಿತು. ಕೊನೆಗೆ ದಾಟಿ ಹೋಯಿತು. ಆಮೇಲೆ ನಾಗಲಿಂಗಮ್ಮ ಎದ್ದು ಬಾಗಿಲಿಗೆ ಅಗಳಿ ಹಾಕಿದಳು. ಭೀಮೇಶ್ ಹಾಳೆ ಎಳೆದುಕೊಂಡು, ರೇಣುಕಾಳ ಕಡೆ ನೋಡದೆ ಕೇಳಿದ:

"ಯಾವ ಬೋರಿಂದ ಶುರು ಮಾಡಾಣ್ರಿ?"