ಕೊನೆಯ ಫ್ರೇಮು ಮತ್ತು ವಿಮಲಾ ಆಂಟಿ

ಇಂದು ಸಂಜೆ ನಮ್ಮೂರು ಹ್ಯಾರಿಸನ್‌ನ ನದಿ ದಂಡೆಯಲ್ಲಿ, ಪಕ್ಕದ ಮನೆಯ ವಿಮಲಾ ಆಂಟಿ ಮತ್ತು ಅಂಕಲ್‌ ಮದುವೆಯ ನಲವತ್ತನೇ ವರ್ಷದ ಫೋಟೋ ತೆಗೆಯುತ್ತಿದ್ದೆ ಗೆಳೆಯರೇ. ನನ್ನ ಹಳೇ ಫಿಲ್ಮ್ ಕ್ಯಾಮೆರಾದಲ್ಲಿ ಉಳಿದಿದ್ದದ್ದು ಒಂದೇ ಫ್ರೇಮು. ಅವರ ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದ. ಮುಖಗಳು ಕಪ್ಪಾಗಿ ಕಾಣುತ್ತಿದ್ದವು.

“ಫ್ಲ್ಯಾಶ್ ಜೋರಾಗಿ ಹಾಕಮ್ಮ, ಮುಖ ಕಾಣ್ಲಿ,” ಎಂದರು ಆಂಟಿ.

“ಬೇಡ, ಸನ್‌ಸೆಟ್ ಹಾಳಾಗತ್ತೆ. ಮುಖ ಮನೇಲೂ ನೋಡಬಹುದು,” ಎಂದರು ಅಂಕಲ್.

ನಾನು ಆಕಾಶದ ಬೆಳಕಿಗೆ ತಕ್ಕಂತೆ ಕ್ಯಾಮೆರಾ ಹೊಂದಿಸಿ, ಮುಖಕ್ಕೆ ಬೇಕಾದಷ್ಟೇ ಬೀಳುವಂತೆ ಫ್ಲ್ಯಾಶ್ ತಗ್ಗಿಸಿದೆ. ಕ್ಲಿಕ್ ಮಾಡುವ ಕ್ಷಣಕ್ಕೆ ಸರಿಯಾಗಿ ಆಂಟಿ ಗಂಡನತ್ತ ತಿರುಗಿ, “ನನ್ನ ಮುಖ ನೋಡಿ ನೋಡಿ ಬೇಜಾರಾಯ್ತಾ ನಿಮ್ಗೆ?” ಎಂದು ಗದರಿದರು. ಅಂಕಲ್ ನಕ್ಕುಬಿಟ್ಟರು. ಅದೇ ಕ್ಲಿಕ್ಕಾಗಿ ರೋಲು ಮುಗಿಯಿತು.

ಫಿಲ್ಮ್ ಇನ್ನೂ ತೊಳೆಸಬೇಕು, ಆದರೆ ಬೆಳಕಿನ ಲೆಕ್ಕವೇನೋ ಸರಿಯಾಗಿದೆ. ಆಂಟಿ ಗದರುತ್ತಿರುವ ಫೋಟೋ ಗೋಡೆಗೆ ಹಾಕುವ ಧೈರ್ಯ ಮಾತ್ರ ಅವರಿಗೆ ಬಿಟ್ಟದ್ದು.