ಫಾರಂನ ಕೊನೆಯ ಪ್ರಶ್ನೆ

ನಾನು ಡಿಗ್ರಿ ಮುಗಿಸುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. "ಕುರಿ ಮೇಯ್ಸೋರ ಮನೇಲಿ ಡಿಗ್ರಿಯಂತೆ! ಆಗೋ ಮಾತಾಡವ್ವ," ಎಂದು ತಿಪ್ಪಸಂದ್ರದ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನಕ್ಕಿದ್ದರು. ಆದರೂ ನಾನು ಮಾಗಡಿಯಲ್ಲಿ ಬಿ.ಎ. ಕೊನೆಯ ವರ್ಷಕ್ಕೆ ಬಂದೆ. ಉಳಿದದ್ದು ಒಂದು ಪ್ರಾಜೆಕ್ಟ್.

ಮಾಹಿತಿ ಹುಡುಕುವುದು, ಅದು ನಿಜವೋ ಸುಳ್ಳೋ ಎಂದು ತೂಗಿ ನೋಡುವುದು: ಇದನ್ನು ಪಾಠವಾಗಿ ಕಲಿಸಲು ಕನಕಪುರದ ಕಡೆಯ ಒಂದು ಕಾಲೇಜು ತಯಾರಿದೆಯೇ ಎಂದು ನಾನು ಪ್ರಶ್ನೆಗಳ ಫಾರಂ ತುಂಬಿ ವರದಿ ಬರೆಯಬೇಕಿತ್ತು. ಅಲ್ಲಿನ ಮೇಷ್ಟ್ರು ಸಹಿ ಹಾಕದಿದ್ದರೆ ಪ್ರಾಜೆಕ್ಟ್ ಇಲ್ಲ, ಡಿಗ್ರಿಯೂ ಇಲ್ಲ.

ಆ ಕಾಲೇಜಿಗೆ ಹೋದೆ. ಲೈಬ್ರರಿಯ ಬೀರುಗಳಿಗೆ ಬೀಗ. ಬೀಗದ ಕೈ ಇದ್ದ ಅಟೆಂಡರ್ ರಜೆ. ಕಂಪ್ಯೂಟರುಗಳ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. "ಎಲ್ಲಕ್ಕೂ 'ಹೌದು' ಅಂತ ಟಿಕ್ ಹಾಕಮ್ಮ. ನಾಳೆ ಬಾ, ಸೈನ್ ಮಾಡ್ತೀನಿ," ಎಂದರು ಮೇಷ್ಟ್ರು. ಹಾಕಿದೆ, ಸುಳ್ಳೇಕೆ ಹೇಳಲಿ. ಪೆನ್ಸಿಲಿನಲ್ಲಿ ಹಾಕಿದೆ. ಕೊನೆಯ ಪ್ರಶ್ನೆಗೆ ಮಾತ್ರ ಕೈ ಬರಲಿಲ್ಲ: ಇಲ್ಲಿನವರು ಫೋನಿಗೆ ಬಂದ ಸುದ್ದಿಯನ್ನು ಪರಿಶೀಲಿಸಿ ಮುಂದೆ ಕಳಿಸುತ್ತಾರೆಯೇ?

ಬಿಸಿಲಿಗೆ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡು ಬಸ್ಸಿಗೆ ನಿಂತೆ. ಪಕ್ಕದ ಅಂಗನವಾಡಿಯ ಮಗುವೊಂದು ಹತ್ತಿರ ಬಂತು, ಹೆಸರು ಕೇಳಿದೆ. ಎದುರಿಗೆ ಬೈಕ್ ನಿಂತಿತು. ಸವಾರ ಮಾತಾಡದೆ ಫೋಟೊ ತೆಗೆದ. ಸ್ವಲ್ಪ ಹೊತ್ತಿಗೆ ಇನ್ನೊಂದು ಬೈಕ್, ಮತ್ತೊಂದು. ಯಾರೋ ಮಗುವನ್ನು ಎಳೆದುಕೊಂಡು ಹೋದರು.

"ಯಾವೂರು?"

"ಮಾಗಡಿ ಕಡೆ."

"ಮಾಗಡಿಯೋಳ್ಗೆ ಇಲ್ಲೇನ್ ಕೆಲ್ಸ? ಬ್ಯಾಗ್ ಬಿಚ್ಚು."

ಫಾರಂ ಹೊರಬಂತು. ನಾನು ಮಾತಾಡಿಸಿದ್ದ ವಿದ್ಯಾರ್ಥಿಗಳ ಹೆಸರು, ಊರು, ಸಾಲಾಗಿ.

"ಮಕ್ಕಳ ಹೆಸ್ರು ಬರ್ಕೊಂಡವ್ಳೆ ನೋಡ್ಲಾ," ಎಂದ ಒಬ್ಬ, ಮೆಲ್ಲಗೆ. ಬೈಕುಗಳ ಸದ್ದು ಒಂದೊಂದಾಗಿ ನಿಂತಿತು. ಸುತ್ತಲಿನ ಕಾಲುಗಳನ್ನಷ್ಟೇ ನೋಡುತ್ತಿದ್ದೆ.

ಆಗ ನನ್ನ ಫೋನ್ ಗುಟುರು ಹಾಕಿತು. ಮನೆಯ ಗ್ರೂಪು. ಕಳಿಸಿದವರು ದೊಡ್ಡಪ್ಪ. ಒಂದು ಫೋಟೊ: ಅಂಗನವಾಡಿ, ಮಗು, ಮುಖ ಮುಚ್ಚಿದ ಹೆಂಗಸು. ಕೆಳಗೆ: "ಮಕ್ಕಳ ಕಳ್ಳಿ. ಎಲ್ಲರಿಗೂ ಕಳಿಸಿ."

ಅವರಿಗೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ದೊಡ್ಡಪ್ಪ, ನೀನ್ ಕಳ್ಸಿದ್ ಫೋಟೊದಲ್ಲಿರೋಳು ನಾನೇ. ಇಲ್ಲಿ ಜನ ನನ್ನ ಸುತ್ಕೊಂಡವ್ರೆ."

ಆ ಕಡೆಯಿಂದ ಗಂಟಲು ಹರಿಯುವ ಹಾಗೆ, "ಏನ್ರಪ್ಪಾ, ಅವ್ಳು ನಮ್ಮನೆ ಹೆಣ್ಮಗ ಕಣ್ರಪ್ಪಾ! ಡಿಗ್ರಿ ಓದ್ತಾ ಅವ್ಳೆ! ಮುಟ್ಬ್ಯಾಡಿ!"

ಡಿಗ್ರಿ ಎಂಬ ಮಾತನ್ನು ನಗದೆ ಅವರು ಆಡಿದ್ದು ಅದೇ ಮೊದಲು.

ಫಾರಂ ವಾಪಸ್ ಬಂತು. "ಮುಖ ಮುಚ್ಕೊಂಡ್ ನಿಂತ್ರೆ ಇನ್ನೇನಂದ್ಕೊಳಾದು?" ಎಂದ ಫೋಟೊ ತೆಗೆದವನು. ಬಸ್ ಹತ್ತಿದೆ. ರಾಮನಗರ ಬರುವವರೆಗೂ ಒಂದು ಬೈಕ್ ಹಿಂದೆಯೇ ಇತ್ತು, ಅಥವಾ ನನಗೆ ಹಾಗನಿಸಿತು.

ರಾತ್ರಿಯೇ ಪೆನ್ಸಿಲ್ ಗುರುತುಗಳನ್ನೆಲ್ಲ ಅಳಿಸಿ, ಕಂಡದ್ದನ್ನು ಬರೆದೆ. ಕೊನೆಯ ಪ್ರಶ್ನೆಗೆ "ಇಲ್ಲ" ಎಂದು ಬರೆದೆ. ಮರುದಿನ ಆ ಫೋಟೊ ಪ್ರಿಂಟ್ ಹಾಕಿಸಿ ಅದರ ಕೆಳಗೆ ಅಂಟಿಸಿ, ಅಪ್ಪನನ್ನು ಜೊತೆಗೆ ಕರೆದುಕೊಂಡು ಕಾಲೇಜಿಗೆ ಹೋದೆ. ಮೇಷ್ಟ್ರು ಫೋಟೊವನ್ನೇ ನೋಡುತ್ತ ಕೂತರು. ಬೈಯುತ್ತಾರೆ, ಮೂರು ವರ್ಷ ಹೋಯಿತು ಎಂದುಕೊಂಡೆ.

"ನಾನೂ ಇದನ್ನ ನಮ್ಮ ಕಾಲೇಜ್ ಗ್ರೂಪಿಗೆ ಕಳಿಸ್ದೆ," ಎಂದರು. ಸಹಿ ಹಾಕಿದರು.

ಸರ್ಟಿಫಿಕೇಟ್ ಬಂದ ದಿನ ಅದನ್ನು ದೊಡ್ಡಪ್ಪನ ಕೈಗೇ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಹಿಡಿದರು. ಅವರದೊಂದು ಫೋಟೊ ತೆಗೆಯೋಣ ಎಂದು ಫೋನ್ ಎತ್ತಿದೆ.

"ಗ್ರೂಪಿಗೆ ಹಾಕ್ಬ್ಯಾಡ ಕಣವ್ವ," ಎಂದರು. "ಆ ಫೋಟೊ ಇನ್ನೂ ತಿರುಗ್ತಾನೇ ಐತೆ. ನೆನ್ನೆ ನಂಗೇ ಮತ್ತೆ ಬಂತು."